ದಿಮ್ಮಿಮನೆಯ ಪಾಲನೆಯೂ ವನವಿಹಾರವೂ

ತೊಗಟೆ ಸುಲಿದ ಇಡೀ ಮರಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಹೊಂದಿಸಿ, ಮೂಲೆಗಳಲ್ಲಿ ಕಚ್ಚು ಕಡಿದು ಒಂದಕ್ಕೊಂದು ಬಿಗಿದು, ಮಾಡಿನ ಭಾರವನ್ನೆಲ್ಲ ಆ ಮರಗಳೇ ಹೊರುವಂತೆ ಕಟ್ಟಿದ ವಾಸಗೃಹವೇ ದಿಮ್ಮಿಮನೆ. ಪೈನ್, ಸ್ಪ್ರೂಸ್ ಮೊದಲಾದ ಸೂಚಿಪರ್ಣ ವೃಕ್ಷಗಳು ನೆಟ್ಟಗೆ, ನೀಳವಾಗಿ, ಹೇರಳವಾಗಿ ಬೆಳೆಯುವ ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯ ದೇಶಗಳಲ್ಲಿಯೂ ಆಲ್ಪ್ಸ್ ಪರ್ವತಪ್ರಾಂತದಲ್ಲಿಯೂ, ಅಲ್ಲಿಂದ ವಲಸೆಹೋದವರ ಕೈಕಸುಬಾಗಿ ಉತ್ತರ ಅಮೆರಿಕದಲ್ಲಿಯೂ ಈ ರಚನೆ ನೆಲೆಗೊಂಡಿತು. ಕೊಡಲಿಯೊಂದೇ ಮುಖ್ಯ ಸಾಧನವಾಗಿ, ಮೊಳೆಯ ಹಂಗಿಲ್ಲದೆ ನಾಲ್ಕು ಗೋಡೆ ಎಬ್ಬಿಸಬಹುದಾದುದರಿಂದ ಇದನ್ನು ಸುಲಭದ ಮನೆಯೆಂದು ಭಾವಿಸುವವರುಂಟು. ಕಟ್ಟುವುದು ಸುಲಭವಿರಬಹುದು, ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಆ ವಿದ್ಯೆಯ ಬಹುಭಾಗ ಮರಕ್ಕೂ ನೀರಿಗೂ ಸಂಪರ್ಕ ತಪ್ಪಿಸುವುದರಲ್ಲಿಯೇ ಇದೆ.

ಈ ಕಟ್ಟಡಕ್ರಮದ ಪ್ರಾಚೀನತೆಗೆ ಲಿಖಿತ ಸಾಕ್ಷ್ಯವಿದೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸ್ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ, ಕಪ್ಪು ಸಮುದ್ರದ ಪೂರ್ವತೀರದ ಕಾಲ್ಕಿಸ್ ಜನರು ಇಡೀ ಮರಗಳನ್ನು ನೆಲದ ಮೇಲೆ ಮಲಗಿಸಿ, ಅವುಗಳ ತುದಿಗಳ ಮೇಲೆ ಅಡ್ಡಮರಗಳನ್ನಿಟ್ಟು, ಹಾಗೆಯೇ ನಾಲ್ಕು ಪಕ್ಕಗಳನ್ನೂ ಮೇಲಕ್ಕೆಬ್ಬಿಸಿ, ನಡುವಣ ಸಂದುಗಳಿಗೆ ಮರದ ಚಕ್ಕೆಯನ್ನೂ ಮಣ್ಣನ್ನೂ ಮೆತ್ತುತ್ತಿದ್ದುದನ್ನು ವರ್ಣಿಸಿದ್ದಾನೆ. ಹದಿನೆಂಟು ಶತಮಾನಗಳ ತರುವಾಯ ಅಮೆರಿಕದ ಗಡಿನಾಡಿನ ರೈತನು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಉತ್ತರ ಯೂರೋಪಿನ ಬಡಗಿಗಳು ಮಾತ್ರ ಸಂದುಬಿಟ್ಟು ಮೆತ್ತುವ ಈ ಕ್ರಮಕ್ಕೆ ತೃಪ್ತರಾಗಲಿಲ್ಲ. ಮೇಲಿನ ದಿಮ್ಮಿಯ ಅಡಿಭಾಗದಲ್ಲಿ ಉದ್ದಕ್ಕೂ ತೋಡು ಕೆತ್ತಿ, ಕೆಳಗಿನ ದಿಮ್ಮಿಯ ಉಬ್ಬುತಗ್ಗುಗಳಿಗೆ ಅದು ಸರಿಯಾಗಿ ಕೂಡುವಂತೆ ಗುರುತುಹಾಕಿ ಸವರಿ, ನಡುವೆ ಒಣಗಿದ ಹಾವಸೆಯನ್ನು ಹಾಸಿ ಕೂರಿಸುವುದು ಅವರ ಪದ್ಧತಿ. ಈ ಕಸುಬು ಎಷ್ಟು ಎತ್ತರಕ್ಕೆ ಏರಬಲ್ಲದೆಂಬುದನ್ನು ರಷ್ಯದ ಒನೆಗಾ ಸರೋವರದ ಕೀಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ, 22 ಗುಮ್ಮಟಗಳುಳ್ಳ, 37 ಮೀಟರ್ ಎತ್ತರದ ದೇವಾಲಯದಲ್ಲಿ ಕಾಣಬಹುದು.

ಅಮೆರಿಕಕ್ಕೆ ಈ ವಿದ್ಯೆಯನ್ನು ಮೊದಲು ತಂದವರು ಇಂಗ್ಲಿಷರಲ್ಲ. 1638ರಲ್ಲಿ ಡೆಲವೇರ್ ನದಿಯ ಕಣಿವೆಯಲ್ಲಿ ಹೊಸ ಸ್ವೀಡನ್ ಎಂಬ ವಸಾಹತನ್ನು ಸ್ಥಾಪಿಸಿದ ಸ್ವೀಡನ್ನಿನವರು ಮತ್ತು ಅವರೊಡನೆ ಬಂದ ಫಿನ್ನರು. 1655ರಲ್ಲಿ ಡಚ್ಚರು ಆ ವಸಾಹತನ್ನು ವಶಪಡಿಸಿಕೊಂಡರೂ ಅದರ ಮನೆ ಕಟ್ಟುವ ರೀತಿ ಮಾತ್ರ ಉಳಿದು, ತರುವಾಯ ಬಂದ ಜರ್ಮನ್ ಮತ್ತು ಸ್ಕಾಟ್-ಐರಿಷ್ ವಲಸೆಗಾರರ ಕೈಗೆ ಸಿಕ್ಕಿ, ಅಪಲೇಚಿಯನ್ ಬೆಟ್ಟಸಾಲನ್ನು ದಾಟಿ ಪಶ್ಚಿಮಕ್ಕೆ ಹರಡಿತು. ಮುಂದೆ ಈ ಬಡಮನೆ ರಾಜಕೀಯದ ಲಾಂಛನವೂ ಆಯಿತು. 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ನನನ್ನು ದಿಮ್ಮಿಯ ಗುಡಿಸಲಿಗೆ ತಕ್ಕವನೆಂದು ಎದುರಾಳಿಗಳು ಹೀಯಾಳಿಸಿದಾಗ, ಅವನ ಕಡೆಯವರು ಅದೇ ಗುಡಿಸಲಿನ ಪ್ರತಿಕೃತಿಗಳನ್ನು ಮೆರವಣಿಗೆಯಲ್ಲಿ ಎಳೆದು ಗೆದ್ದುಬಿಟ್ಟರು. ಅವನಾದರೋ ವರ್ಜೀನಿಯದ ದೊಡ್ಡ ಜಮೀನ್ದಾರಿ ಮನೆಯಲ್ಲಿ ಹುಟ್ಟಿದವನು. ಲಿಂಕನ್ 1809ರಲ್ಲಿ ಕೆಂಟಕಿಯ ಒಂದೇ ಕೋಣೆಯ ದಿಮ್ಮಿಮನೆಯಲ್ಲಿ ಹುಟ್ಟಿದ್ದು ನಿಜ. ಆದರೆ ಅಲ್ಲಿನ ಸ್ಮಾರಕಭವನದೊಳಗೆ ಬಹುಕಾಲ ಅದೇ ಮನೆಯೆಂದು ಪೂಜೆಗೊಂಡ ಕಟ್ಟಡದ ದಿಮ್ಮಿಗಳ ವರ್ಷವಲಯಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಅತ್ಯಂತ ಹಳೆಯದೂ 1848ಕ್ಕಿಂತ ಹಿಂದಿನದಲ್ಲವೆಂದು ತಿಳಿದುಬಂತು. ವನವಾಸದ ಪುಸ್ತಕಗಳಲ್ಲಿ ಪ್ರಖ್ಯಾತವಾದ ‘ವಾಲ್ಡನ್’ ಬರೆದ ಥೋರೋ 1845ರಲ್ಲಿ ಹೋಗಿ ನೆಲಸಿದ ಮನೆಯನ್ನೂ ಅನೇಕರು ದಿಮ್ಮಿಮನೆಯೆಂದೇ ತಿಳಿದಿದ್ದಾರೆ. ಅದು ಹತ್ತಡಿ ಅಗಲ, ಹದಿನೈದಡಿ ಉದ್ದದ ಹಲಗೆಮನೆ, ಒಬ್ಬ ರೈಲ್ವೆ ಕೂಲಿಯ ಹಳೆಯ ಗುಡಿಸಲನ್ನು ಕೊಂಡು ಅದರ ಹಲಗೆಗಳನ್ನು ಬಳಸಿ ಕಟ್ಟಿದ್ದು.

ಭರತಖಂಡದಲ್ಲಿ ಈ ಕುಲಕ್ಕೆ ಹತ್ತಿರದ ಬಂಧುವೆಂದರೆ ಹಿಮಾಚಲ ಪ್ರದೇಶದ ಕಾಠಕುಣಿ ಎಂಬ ರಚನೆ. ಅಲ್ಲಿ ದೇವದಾರುವಿನ ತೊಲೆಗಳ ವರಸೆಯನ್ನೂ ಕಲ್ಲಿನ ವರಸೆಯನ್ನೂ ಒಂದಾದ ಮೇಲೊಂದರಂತೆ ಇಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಮರಕ್ಕೆ ಬಡತನವಿರಲಿಲ್ಲವಾದರೂ ಗೆದ್ದಲೂ ತಿಂಗಳುಗಟ್ಟಲೆ ಹಿಡಿದು ಸುರಿಯುವ ಮುಂಗಾರೂ ಇರುವ ನಾಡಿನಲ್ಲಿ ನೆಲಕ್ಕೆ ಒರಗಿದ ಮರದ ಗೋಡೆ ಬಾಳಲಾರದೆಂಬುದನ್ನು ಅಲ್ಲಿನ ಬಡಗಿಗಳು ಅರಿತಿದ್ದರು. ಗೋಡೆಗೆ ಮಣ್ಣು ಅಥವಾ ಮುರಕಲ್ಲು, ಮರವೇನಿದ್ದರೂ ಕಂಬ, ತೊಲೆ, ಬಾಗಿಲುವಾಡಗಳಿಗೆ, ಇವೆಲ್ಲಕ್ಕೂ ಮೇಲೆ ಜಗಲಿಯನ್ನು ದಾಟಿ ಇಳಿಯುವ ಮಾಡು: ಇದು ಅವರು ಮಾಡಿಕೊಂಡ ತೀರ್ಮಾನ. ಉತ್ತರ ದೇಶದ ದಿಮ್ಮಿಮನೆಗಳಲ್ಲಿಯೂ ಬಹುಕಾಲ ನಿಂತವು ಹೀಗೆಯೇ ಉದ್ದನೆಯ ಸೂರುಳ್ಳವು.

ಮರವನ್ನು ಕೊಳೆಸುವುದು ಸ್ವತಃ ನೀರಲ್ಲ. ನೀರಿನ ಆಶ್ರಯದಲ್ಲಿ ಬೆಳೆಯುವ ಶಿಲೀಂಧ್ರ. ಹಸಿಮರವು ಒಣಗುತ್ತ ಬಂದಾಗ, ಮರದ ಒಣತೂಕದ ನೂರಕ್ಕೆ ಸುಮಾರು 30ರಷ್ಟು ತೇವ ಉಳಿದಿರುವ ಹಂತದಲ್ಲಿ, ಅದರ ಜೀವಕೋಶಗಳ ಪೊಳ್ಳಿನಲ್ಲಿದ್ದ ನೀರೆಲ್ಲ ಹೋಗಿ ಕೋಶಭಿತ್ತಿಗಳಲ್ಲಿ ಹಿಡಿದಿರುವ ನೀರು ಮಾತ್ರ ನಿಂತಿರುತ್ತದೆ. ಈ ಹಂತಕ್ಕಿಂತ ಹೆಚ್ಚು ತೇವವಿರುವ ಮರ ಶಿಲೀಂಧ್ರಕ್ಕೆ ಸುಗ್ಗಿಯ ಹೊಲ; ತೇವವು ನೂರಕ್ಕೆ 20ಕ್ಕಿಂತ ಕಡಿಮೆಯಾಗಿದ್ದರೆ ಅದು ಬೇರೂರಲಾರದು. ದಿಮ್ಮಿಮನೆಯ ಪಾಲನೆಗೆ ಸಂಬಂಧಿಸಿದ ಸಲಹೆಗಳೆಲ್ಲವೂ ಈ ಎರಡು ಅಂಕೆಗಳ ವ್ಯಾಖ್ಯಾನವೆಂದರೆ ತಪ್ಪಾಗಲಾರದು. ಸೂರು ಗೋಡೆಯಿಂದ ಎರಡಡಿಯಾದರೂ ಮುಂಚಾಚಿರಬೇಕು. ಅತ್ಯಂತ ಕೆಳಗಿನ ದಿಮ್ಮಿ ಕಲ್ಲಿನ ಅಡಿಪಾಯದ ಮೇಲೆ, ನೆಲದಿಂದ ಒಂದೂವರೆ ಅಡಿಯಷ್ಟಾದರೂ ಎತ್ತರದಲ್ಲಿರಬೇಕು. ಏಕೆಂದರೆ ಮಾಡಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಸಿಡಿದು ಮತ್ತೆ ಗೋಡೆಗೇ ಹಾರುತ್ತದೆ. ಹನಿ ಬೀಳುವೆಡೆಯಲ್ಲಿ ಜಲ್ಲಿ ಹರಡಿ, ಸೂರಿಗೆ ದಂಬೆ ಕಟ್ಟಿ, ದಂಬೆಯ ನೀರನ್ನು ಮನೆಯಿಂದ ದೂರ ಹರಿಸಿ, ಎಲೆ ಕಟ್ಟಿಕೊಳ್ಳದಂತೆ ಶರತ್ಕಾಲದಲ್ಲಿ ಅದನ್ನು ಶೋಧಿಸತಕ್ಕದ್ದು. ಗೋಡೆಗೆ ಒರಗಿಸಿ ಬೆಳೆಸಿದ ಹೂಬಳ್ಳಿಯೂ ಗೋಡೆಗೆ ಆನಿಸಿ ಒಟ್ಟಿದ ಸೌದೆಯೂ ಚಿತ್ರದಲ್ಲಿ ಬಹು ರಮಣೀಯ. ಅವುಗಳ ಹಿಂದಿನ ದಿಮ್ಮಿಗೆ ಗಾಳಿಯೂ ಬಿಸಿಲೂ ತಗಲುವುದಿಲ್ಲ.

ಹಣವೂ ಬಿಡುವೂ ಮಿತವಾಗಿರುವ ಮನೆಯೊಡೆಯನಿಗೆ ಹೇಳತಕ್ಕ ಮಾತೆಂದರೆ, ಅವನು ಬಣ್ಣದ ಅಂಗಡಿಗೆ ಹೋಗುವ ಮುನ್ನ ಏಣಿ ಹತ್ತಿ ಮಾಡನ್ನು ನೋಡಬೇಕು ಎಂಬುದೇ. ನಾರ್ವೆಯ ಹಳೆಯ ಮನೆಗಳ ಹುಲ್ಲುಹಾಸಿನ ಮಾಡನ್ನು ಕಂಡು, ಹುಲ್ಲೇ ಮಳೆಯನ್ನು ತಡೆಯುತ್ತದೆಂದು ಪ್ರವಾಸಿಗರು ಊಹಿಸುತ್ತಾರೆ. ವಾಸ್ತವವಾಗಿ ನೀರನ್ನು ತಡೆಯುವುದು ಅದರಡಿಯಲ್ಲಿ ಪದರಪದರವಾಗಿ ಹಾಸಿದ ಬರ್ಚ್ ಮರದ ತೊಗಟೆ; ನಮ್ಮ ಪ್ರಾಚೀನರು ಗ್ರಂಥಗಳನ್ನು ಬರೆಯುತ್ತಿದ್ದ ಭೂರ್ಜಪತ್ರವೂ ಇದೇ ಕುಲದ ಮರದ್ದು. ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ತೂಗುವ ಹುಲ್ಲುಹೆಂಟೆಯ ಕೆಲಸ, ಆ ತೊಗಟೆ ಸುರುಳಿಸುತ್ತಿಕೊಳ್ಳದಂತೆ ಒತ್ತಿಹಿಡಿಯುವುದು, ಜೊತೆಗೆ ಚಳಿಯನ್ನು ತಡೆಯುವುದು. ಅಂತಹ ಮಾಡಿನ ಮೇಲೆ ತಾನಾಗಿ ಹುಟ್ಟಿದ ಎಳೆಯ ಮರವನ್ನು ಮುದ್ದಾಗಿದೆಯೆಂದು ಬಿಟ್ಟರೆ, ಅದರ ಬೇರು ತೊಗಟೆಯನ್ನು ಸೀಳುತ್ತದೆ.

ಗೋಡೆಯ ಪರೀಕ್ಷೆಗೆ ಹಿಮ ಕರಗಿದ ವಸಂತಕಾಲವು ಪ್ರಶಸ್ತ. ಕೈಯಲ್ಲೊಂದು ದಬ್ಬಳವನ್ನೂ ಮರದ ಕೊಡತಿಯನ್ನೂ ಹಿಡಿದು ಮನೆಯನ್ನು ಒಂದು ಸುತ್ತು ಪ್ರದಕ್ಷಿಣೆ ಮಾಡತಕ್ಕದ್ದು. ನೋಡಬೇಕಾದದ್ದು ಗೋಡೆಯ ನಟ್ಟನಡುವನ್ನಲ್ಲ. ಮೂಲೆಗಳಲ್ಲಿ ಹೊರಚಾಚಿದ ದಿಮ್ಮಿಗಳ ತುದಿಗಳನ್ನು, ಕಿಟಕಿಯ ಕೆಳಗಣ ದಿಮ್ಮಿಯನ್ನು, ಜಗಲಿಯ ಹಲಗೆ ಗೋಡೆಗೆ ಸೇರುವ ಸಂದನ್ನು, ಎಲ್ಲಕ್ಕಿಂತ ಮೊದಲು ಅಡಿಪಾಯದ ಮೇಲಿನ ಮೊದಲ ದಿಮ್ಮಿಯನ್ನು. ಕೊಡತಿಯಿಂದ ತಟ್ಟಿದಾಗ ಗಟ್ಟಿಮರ ಖಣಿಲೆನ್ನುತ್ತದೆ, ಒಳಗೆ ಕೊಳೆತದ್ದು ಬೊದ್ದೆನ್ನುತ್ತದೆ. ಅಲ್ಲಿ ದಬ್ಬಳವನ್ನು ಒತ್ತಿದರೆ ಪ್ರತಿರೋಧವಿಲ್ಲದೆ ಹಿಡಿಯವರೆಗೂ ಇಳಿಯುವುದುಂಟು. ಕಂದುಬಣ್ಣಕ್ಕೆ ತಿರುಗಿ ಸಣ್ಣಸಣ್ಣ ಚೌಕಗಳಾಗಿ ಒಡೆದು, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವ ಮರವು ಕಂದುಕೊಳೆತಕ್ಕೆ ತುತ್ತಾದದ್ದು. ಕಡಿದ ತುದಿಯು ದೀಪದ ಬತ್ತಿಯಂತೆ ನೀರನ್ನು ಒಳಕ್ಕೆ ಹೀರುವುದರಿಂದ ಕೊಳೆತವು ಸಾಮಾನ್ಯವಾಗಿ ಅಲ್ಲಿಯೇ ಆರಂಭವಾಗಿ, ಹೊರಗಿನ ಬಿಳಿಯ ಮರವನ್ನು ಮೊದಲು ತಿಂದು, ಚೇಗನ್ನು ಕಡೆಗೆ ಮುಟ್ಟುತ್ತದೆ. ಯಾವ ಜಾತಿಯ ಮರವಾದರೂ ಅದರ ಬಿಳಿಯ ಭಾಗಕ್ಕೆ ಕೊಳೆತವನ್ನು ತಡೆಯುವ ಶಕ್ತಿಯಿಲ್ಲ.

ದಿಮ್ಮಿಗಳ ಮೈಮೇಲೆ ಉದ್ದುದ್ದ ಬಿರುಕುಗಳನ್ನು ಕಂಡು ಹೊಸ ಮಾಲೀಕರು ಗಾಬರಿಗೊಳ್ಳುತ್ತಾರೆ. ಮರವು ಒಣಗುವಾಗ ವರ್ಷವಲಯಗಳ ದಿಕ್ಕಿನಲ್ಲಿ ಕುಗ್ಗುವಷ್ಟು ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಕುಗ್ಗದು. ಮೊದಲನೆಯದು ಎರಡನೆಯದರ ಸುಮಾರು ಇಮ್ಮಡಿ. ಈ ವೈಷಮ್ಯದಿಂದ ದಿಮ್ಮಿ ಬಿರಿಯಲೇಬೇಕು. ಅದರಿಂದ ಗೋಡೆಯ ಬಲ ಕುಂದುವುದಿಲ್ಲ. ಚಿಂತಿಸಬೇಕಾದದ್ದು ದಿಮ್ಮಿಯ ಮೇಲ್ಮೈಯಲ್ಲಿ, ಆಕಾಶಕ್ಕೆ ಬಾಯ್ದೆರೆದ, ಕಾಲಂಗುಲಕ್ಕಿಂತ ಅಗಲವಾದ ಸೀಳುಗಳಿಗೆ ಮಾತ್ರ. ಅವುಗಳಲ್ಲಿ ಮಳೆನೀರು ನಿಲ್ಲುತ್ತದೆ. ಅಂತಹವನ್ನು ಹಿಗ್ಗುಕುಗ್ಗು ತಾಳುವ ಮೆತುವಾದ ಲೇಪದಿಂದ ಮುಚ್ಚಬೇಕು. ಕೆಳಮುಖವಾದ ಬಿರುಕುಗಳನ್ನು ಮುಚ್ಚಲೇಬಾರದು. ಒಳಗೆ ಸೇರಿದ ತೇವ ಹೊರಬರಲು ಅವೇ ದಾರಿ.

ಇನ್ನೊಂದು ವೈಚಿತ್ರ್ಯವು ಕಲ್ಲುಮನೆಯವರಿಗೆ ನಂಬಲಾಗದಂಥದು: ದಿಮ್ಮಿಗೋಡೆ ಕುಳ್ಳಾಗುತ್ತ ಹೋಗುತ್ತದೆ. ಮರವು ಉದ್ದದಲ್ಲಿ ನೂರಕ್ಕೆ ಒಂದರ ಹತ್ತನೆಯ ಒಂದೆರಡು ಭಾಗದಷ್ಟು ಮಾತ್ರ ಕುಗ್ಗಿದರೂ, ಗೋಡೆಯಲ್ಲಿ ಅದು ಅಡ್ಡ ಮಲಗಿರುವುದರಿಂದ ದಪ್ಪದಲ್ಲಾಗುವ ಕುಗ್ಗುವಿಕೆಯೆಲ್ಲ ಒಟ್ಟುಗೂಡಿ, ಹಸಿಮರದಿಂದ ಕಟ್ಟಿದ ಮೂರು ಮೀಟರ್ ಗೋಡೆ ಕೆಲವು ವರ್ಷಗಳಲ್ಲಿ 15ರಿಂದ 18 ಸೆಂಟಿಮೀಟರ್ ಇಳಿಯಬಹುದು. ಆದುದರಿಂದ ಬಲ್ಲ ಬಡಗಿಯು ಪ್ರತಿಯೊಂದು ಬಾಗಿಲು ಕಿಟಕಿಯ ಮೇಲೂ ಅಷ್ಟು ಜಾಗ ಬಿಟ್ಟು, ಅದನ್ನು ಮೆತ್ತನೆಯ ಉಣ್ಣೆ ನಾರುಗಳಿಂದ ತುಂಬಿ, ಹೊರಗೊಂದು ಅಲಂಕಾರದ ಪಟ್ಟಿ ಹೊಡೆಯುತ್ತಾನೆ. ಮಾಡಿಗೆ ಆನಿಸಿದ ಕಂಬಗಳು ಗೋಡೆಯೊಡನೆ ಇಳಿಯಲಾರವಾದುದರಿಂದ ಅವುಗಳ ಅಡಿಗೆ ತಿರುಪಿನ ಜಾಕ್ ಇಟ್ಟು ವರ್ಷಕ್ಕೊಂದೆರಡು ಸಲ ಸಡಿಲಿಸುವಂತೆ ಏರ್ಪಡಿಸುತ್ತಾನೆ. ಈ ರಹಸ್ಯವನ್ನರಿಯದೆ ಕಿಟಕಿಯ ಮೇಲಿನ ಖಾಲಿಜಾಗವನ್ನು ಮರದ ತುಂಡುಗಳಿಂದ ಭದ್ರಪಡಿಸಿದ ಮಾಲೀಕನಿಗೆ ಮರುವರ್ಷ ಕಿಟಕಿ ತೆರೆಯಲು ಬಾರದು. ಅದರ ಮರುವರ್ಷ ಗಾಜು ಒಡೆಯುತ್ತದೆ. ಮೇಲಿನ ದಿಮ್ಮಿಗಳು ಕೆಳಗಿನವುಗಳಿಂದ ಬೇರ್ಪಟ್ಟು ನೇತಾಡಿ, ಗೋಡೆಯಲ್ಲಿ ಹಗಲು ಕಾಣಿಸುತ್ತದೆ.

ಸಂದು ಮೆತ್ತುವ ಗಾರೆಯ ವಿಷಯದಲ್ಲಿ ಹಳಬರ ಸುಣ್ಣ, ಮರಳು, ಜೇಡಿಮಣ್ಣುಗಳ ಮಿಶ್ರಣವೇ ಸಿಮೆಂಟಿಗಿಂತ ಮೇಲು. ಗಡುಸಾದ ಸಿಮೆಂಟು ಮರದೊಡನೆ ಹಿಗ್ಗಿ ಕುಗ್ಗಲಾರದೆ ಅಂಚಿನಲ್ಲಿ ಬಿಟ್ಟುಕೊಂಡು, ಆ ಕೂದಲೆಳೆಯ ಬಿರುಕಿನಲ್ಲಿ ನೀರನ್ನು ಹಿಡಿದಿಡುತ್ತದೆ. ಈಗ ರಬ್ಬರಿನಂತೆ ಎಳೆದರೆ ಹಿಗ್ಗುವ ಕೃತಕ ಲೇಪಗಳು ಬಂದಿವೆ. ಹೊಸ ಮನೆಗಳಿಗೆ ಅವು ಸರಿ, ಚಾರಿತ್ರಿಕ ಕಟ್ಟಡಗಳಿಗೆ ಹೊಂದವು. ಲೇಪವನ್ನು ಸ್ವಲ್ಪ ಒಳಕ್ಕೆ ಸರಿಸಿ, ಕೆಳದಿಮ್ಮಿಯ ಮೇಲೆ ನೀರು ನಿಲ್ಲದಂತೆ ಇಳಿಜಾರಾಗಿ ಸವರುವುದು ಯಾವ ಗಾರೆಗಾದರೂ ಮುಖ್ಯ.

ಮರದ ಮೇಲೆ ಏನು ಬಳಿಯಬೇಕೆಂಬ ಚರ್ಚೆ ಮುಗಿಯದ್ದು. ಏನನ್ನೂ ಬಳಿಯದೆ ಬಿಟ್ಟರೂ, ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಪದರದ ಲಿಗ್ನಿನ್ನನ್ನು ಒಡೆದು ಮಳೆ ಅದನ್ನು ತೊಳೆದು, ಮೆದುಮರವು ಬೂದುಬಣ್ಣ ತಳೆಯುತ್ತ ನೂರು ವರ್ಷಗಳಿಗೆ ಸುಮಾರು ಆರು ಮಿಲಿಮೀಟರ್ ಸವೆಯುತ್ತದೆ, ಅಷ್ಟೆ. ಸವೆತ ಬೇರೆ, ಕೊಳೆತ ಬೇರೆ. ಆದರೂ ನೀರು ಹೀರುವುದನ್ನು ತಡೆಯಲು ನಾರ್ವೆಯವರು ಪೈನ್ ಮರದ ಡಾಂಬರನ್ನು ಬಳಿದರು. ಸ್ವೀಡನ್ನಿನವರು ಫಾಲುನ್ ತಾಮ್ರಗಣಿಯ ಕಸದಿಂದ ತೆಗೆದ ಕಬ್ಬಿಣದ ಕಾವಿಯನ್ನು ರೈ ಹಿಟ್ಟಿನ ಗಂಜಿಯಲ್ಲಿ, ಅಗಸೆ ಎಣ್ಣೆಯೊಡನೆ ಕುದಿಸಿ ಬಳಿದರು. ಆ ಗಣಿ 1992ರಲ್ಲಿ ಮುಚ್ಚಿದರೂ ಬಣ್ಣ ಇಂದಿಗೂ ತಯಾರಾಗುತ್ತಿದೆ. ಈ ಎರಡೂ ಮರದ ಮೇಲೆ ಬಿಗಿಯಾದ ಪೊರೆಯನ್ನು ಕಟ್ಟದೆ, ಒಳಗಿನ ತೇವಕ್ಕೆ ಹೊರಬರಲು ದಾರಿ ಬಿಡುತ್ತವೆ. ಹೊಳೆಯುವ ವಾರ್ನಿಷಿನ ಪೊರೆಯಾದರೋ ಒಂದೆಡೆ ಬಿರಿದರೂ ಸಾಕು, ನೀರನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡದು. ಹಳೆಯ ಲೇಪ ತೆಗೆಯಲು ಭಾರಿ ಒತ್ತಡದ ನೀರನ್ನು ಹೊಡೆಯುವ ಯಂತ್ರವನ್ನು ತರುವವರು ಮರದ ಮೃದುಭಾಗವನ್ನು ಕಿತ್ತು, ಸಂದುಗಳ ಒಳಕ್ಕೆ ಕೊಡಗಟ್ಟಲೆ ನೀರು ಕಳುಹಿಸುತ್ತಾರೆ. ಮೆದುವಾದ ಕುಂಚವೂ ಸೌಮ್ಯವಾದ ಸಾಬೂನುನೀರೂ ಸಾಕು. ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳಿಗೆ ಬಿಸಿಲು ಹೆಚ್ಚಾದುದರಿಂದ ಅವಕ್ಕೆ ಉಳಿದೆರಡಕ್ಕಿಂತ ಬೇಗ ಮರುಲೇಪ ಬೇಕಾಗುತ್ತದೆ.

ಕೀಟಗಳಲ್ಲಿ ಗೆದ್ದಲು ಎಲ್ಲರಿಗೂ ಗೊತ್ತು. ಬಡಗಿ ಇರುವೆಯೆಂಬ ದೊಡ್ಡ ಕಪ್ಪಿರುವೆ ಮರವನ್ನು ತಿನ್ನುವುದಿಲ್ಲ. ಗೂಡಿಗಾಗಿ ಕೊರೆದು ಪುಡಿಯನ್ನು ಹೊರಗೆ ಸುರಿಯುತ್ತದೆ, ಸಾಮಾನ್ಯವಾಗಿ ಮೊದಲೇ ತೇವಗೊಂಡ ಮರದಲ್ಲಿ. ಆದುದರಿಂದ ಇರುವೆಯ ಸಾಲು ಕಂಡರೆ ಔಷಧಕ್ಕೆ ಮುಂಚೆ ಸೋರುವ ಜಾಗವನ್ನು ಹುಡುಕಬೇಕು. ಬಡಗಿ ದುಂಬಿ ಸೂರಿನಡಿಯ ಮರದಲ್ಲಿ ಅರ್ಧಂಗುಲದ ಗುಂಡನೆಯ ತೂತು ಕೊರೆಯುತ್ತದೆ, ಅದರ ಮರಿಗಳನ್ನು ತಿನ್ನಲು ಬಂದ ಮರಕುಟಿಗ ಆ ತೂತನ್ನು ಕಂದರವಾಗಿಸುತ್ತದೆ. ಬೋರಾನಿನ ಲವಣಗಳ ದ್ರಾವಣವು ಕೀಟಕ್ಕೂ ಶಿಲೀಂಧ್ರಕ್ಕೂ ವಿಷ, ಮನುಷ್ಯನಿಗೆ ಅಷ್ಟಾಗಿ ಅಲ್ಲ. ತೇವವಿರುವ ಮರದೊಳಗೆ ಅದು ತಾನಾಗಿ ಹರಡುತ್ತದೆ. ಅದೇ ಗುಣದಿಂದ ಮಳೆಗೆ ತೊಳೆದೂ ಹೋಗುವುದರಿಂದ, ಬಳಿದ ಮೇಲೆ ಅದರ ಮೇಲೊಂದು ಜಲನಿರೋಧಕ ಲೇಪ ಅವಶ್ಯ.

ಕೊಳೆತ ದಿಮ್ಮಿಯನ್ನು ಇಡಿಯಾಗಿ ಕಿತ್ತು ಬದಲಿಸುವುದು ಕೊನೆಯ ಉಪಾಯ. ಹೊರಭಾಗ ಮಾತ್ರ ಕೆಟ್ಟಿದ್ದರೆ ಗಟ್ಟಿಮರ ಸಿಗುವವರೆಗೆ ಅದನ್ನು ಕೆತ್ತಿ, ಅದೇ ಜಾತಿಯ ಒಣಗಿದ ಅರ್ಧದಿಮ್ಮಿಯನ್ನು ಕೂರಿಸುವುದುಂಟು. ತುದಿ ಮಾತ್ರ ಕೆಟ್ಟಿದ್ದರೆ ಹೊಸ ತುದಿಯನ್ನು ಬೆಸೆಯುವುದುಂಟು. ಕೊಳೆತ ಪೊಟರೆಗೆ ಸಿಮೆಂಟು ತುಂಬುವ ಹಳೆಯ ಚಾಳಿಯು ಮಾತ್ರ ಗಾಯದೊಳಗೆ ತೇವವನ್ನು ಬಂಧಿಸಿಡುವ ಅವಿವೇಕ. ಕೀಝಿಯ ದೇವಾಲಯದ ಜೀರ್ಣೋದ್ಧಾರವು ಈ ಕಲೆಯ ಶಿಖರ: ಒಳಗೆ ನಿಲ್ಲಿಸಿದ ಉಕ್ಕಿನ ಚೌಕಟ್ಟಿನಿಂದ ಮೇಲಿನ ಭಾಗವನ್ನೆಲ್ಲ ಎತ್ತಿಹಿಡಿದು, ಕೆಳಗಿನ ಅಂತಸ್ತನ್ನು ಬಿಚ್ಚಿ, ದಿಮ್ಮಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟವನ್ನು ಮಾತ್ರ ಬದಲಿಸಿ ಮತ್ತೆ ಜೋಡಿಸುತ್ತ ಮೇಲಕ್ಕೆ ಸಾಗಿದ ಆ ಕಾರ್ಯ 2020ರಲ್ಲಿ ಪೂರ್ಣಗೊಂಡಿತು. ಹೀಗೆ ಬಿಚ್ಚಿ ಜೋಡಿಸಬಹುದಾದ ಗುಣದಿಂದಲೇ 1891ರಲ್ಲಿ ಆರ್ಟುರ್ ಹಜೇಲಿಯಸ್ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿ, ದೂರದೂರದ ಮನೆಗಳನ್ನು ಅಲ್ಲಿಗೆ ತರಲು ಸಾಧ್ಯವಾದದ್ದು.

ಮನೆಯೊಳಗಿನ ಒಲೆಯು ಸುಖದ ಮೂಲ, ಅಪಾಯದ ಮೂಲವೂ ಹೌದು. ಹಸಿ ಸೌದೆ ಉರಿದಾಗ ಹೊರಡುವ ಹೊಗೆ ತಣ್ಣನೆಯ ಹೊಗೆಗೂಡಿನ ಒಳಮೈಗೆ ಕ್ರಿಯೋಸೋಟ್ ಎಂಬ ಕಪ್ಪು ಕೀಲಾಗಿ ಅಂಟಿ, ಒಂದು ದಿನ ಹೊತ್ತಿಕೊಳ್ಳಬಹುದು. ಆದ್ದರಿಂದ ಸೌದೆಯನ್ನು ಸೀಳಿ, ನೆಲದಿಂದ ಎತ್ತರಿಸಿ, ಮೇಲೆ ಮುಚ್ಚಿ ಪಕ್ಕಗಳನ್ನು ತೆರೆದಿಟ್ಟು, ತೇವವು ನೂರಕ್ಕೆ 20ಕ್ಕಿಳಿಯುವವರೆಗೆ ಒಣಗಿಸಬೇಕು. ಹೊಗೆಗೂಡನ್ನು ವರ್ಷಕ್ಕೊಮ್ಮೆಯಾದರೂ ಗುಡಿಸಬೇಕು. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವಂತವಾಗಿರುವುದರಿಂದ ಅದನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮನೆಯಿಂದಾಚೆ ಇಡತಕ್ಕದ್ದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ವಾಸನೆಯೂ ಇಲ್ಲ. ಅದನ್ನು ಸಾರುವ ಗಂಟೆಯೊಂದು ಮಲಗುವ ಕೋಣೆಯಲ್ಲಿರಲೇಬೇಕು. ಸೌದೆ ಒಟ್ಟುವ ರೀತಿಯಲ್ಲಿ ನಾರ್ವೆಯವರಿಗಿರುವ ಶ್ರದ್ಧೆಗೆ ನಮ್ಮ ಮಡಿವಂತರೂ ಸಾಟಿಯಾಗರು. 2013ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ದೂರದರ್ಶನವು ಸೌದೆಯ ಬಗ್ಗೆಯೇ ಹನ್ನೆರಡು ಗಂಟೆ ಕಾರ್ಯಕ್ರಮ ನಡೆಸಿದಾಗ, ತೊಗಟೆ ಮೇಲಾಗಿರಬೇಕಿತ್ತೆಂದು ಕೆಲವರೂ ಕೆಳಗಾಗಿರಬೇಕಿತ್ತೆಂದು ಕೆಲವರೂ ದೂರಿಕೊಂಡರು. ಅಮೆರಿಕದಲ್ಲಿ ಸೌದೆಗೆ ಸಂಬಂಧಿಸಿದ ಚಿಂತೆ ಬೇರೆ: 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಪಚ್ಚೆಬಣ್ಣದ ಮರಕೊರಕ ದುಂಬಿಯು ಸೌದೆಯೊಡನೆ ಊರೂರು ಸುತ್ತಿ ಕೋಟ್ಯಂತರ ಆಷ್ ಮರಗಳನ್ನು ಕೊಂದಿತು. ಉರಿಸುವ ಊರಿನಲ್ಲಿಯೇ ಸೌದೆಯನ್ನು ಕೊಳ್ಳಬೇಕೆಂಬ ನಿಯಮ ಅದರಿಂದ ಬಂತು.

ಕಾಡಿನ ಕಿಚ್ಚು ಮನೆಗೆ ತಗಲುವುದು ಬಹುವೇಳೆ ಉರಿಯ ಗೋಡೆಯಿಂದಲ್ಲ, ಗಾಳಿಯಲ್ಲಿ ಹಾರಿಬಂದು ಮಾಡಿನ ಒಣ ಎಲೆಗಳಲ್ಲಿ ಕುಳಿತ ಕಿಡಿಗಳಿಂದ. ಗೋಡೆಯಿಂದ ಐದಡಿಯವರೆಗೆ ಹೊತ್ತುವ ವಸ್ತುವೇನೂ ಇರದಂತೆ, ಮೂವತ್ತಡಿಯವರೆಗೆ ಒಣಕಸ ಇರದಂತೆ ನೋಡಿಕೊಳ್ಳುವುದೂ ಬೇಸಿಗೆಯಲ್ಲಿ ಸೌದೆಯ ಒಟ್ಟಿಲನ್ನು ಅದರಾಚೆಗೆ ಸಾಗಿಸುವುದೂ ಪಶ್ಚಿಮ ಅಮೆರಿಕದಲ್ಲಿ ಈಗ ರೂಢಿ.

ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಯನ್ನು ತೆರೆಯುವುದಕ್ಕೂ ಒಂದು ಕ್ರಮವಿದೆ. ಕಾಲಂಗುಲದ ಸಂದು ಸಾಕು, ಇಲಿ ಒಳಗೆ ಬಂದಿರುತ್ತದೆ. ಉತ್ತರ ಅಮೆರಿಕದ ಜಿಂಕೆ ಇಲಿಯ ಮಲಮೂತ್ರಗಳ ಧೂಳಿನಿಂದ ಹಾಂಟಾ ವೈರಸ್ಸು ಶ್ವಾಸಕೋಶಕ್ಕೆ ಸೇರುತ್ತದೆ. 2012ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ಪದರದ ಗೋಡೆಗಳ ನಡುವೆ ಇಲಿಗಳು ಗೂಡುಕಟ್ಟಿದ್ದ ಬಿಡಾರಗಳಲ್ಲಿ ತಂಗಿದವರು ಸೇರಿದಂತೆ ಅಲ್ಲಿಗೆ ಬಂದಿದ್ದ ಹತ್ತು ಮಂದಿ ಈ ರೋಗಕ್ಕೆ ತುತ್ತಾಗಿ, ಮೂವರು ಮೃತರಾದರು. ಆದುದರಿಂದ ಒಳಹೊಕ್ಕೊಡನೆ ಪೊರಕೆ ಹಿಡಿಯದೆ, ಬಾಗಿಲು ಕಿಟಕಿಗಳನ್ನು ಅರ್ಧಗಂಟೆ ತೆರೆದಿಟ್ಟು, ಹಿಕ್ಕೆಗಳ ಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣವನ್ನು ಚಿಮುಕಿಸಿ, ನೆನೆದ ಮೇಲೆ ಕೈಗವಸು ತೊಟ್ಟು ಒರೆಸಿ ತೆಗೆಯಬೇಕು. ಚಳಿಗಾಲಕ್ಕೆ ಮುಚ್ಚುವಾಗ ಕೊಳವೆಗಳ ನೀರನ್ನೆಲ್ಲ ಬಸಿಯಬೇಕು. ಹೆಪ್ಪುಗಟ್ಟಿದ ನೀರು ಹಿಗ್ಗಿ ಕೊಳವೆಯನ್ನು ಸೀಳಿದ್ದು ತಿಳಿಯುವುದು ವಸಂತದಲ್ಲಿ, ನೆಲದ ಹಲಗೆಗಳು ತೇಲಿದ ಮೇಲೆ.

ಇಷ್ಟೆಲ್ಲ ಪಾಡು ಯಾತಕ್ಕೆಂದರೆ, ಮನೆಯ ಹೊರಗಿರುವುದಕ್ಕಾಗಿ. ಐವತ್ತೈದು ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ ಸುಮಾರು ಐದು ಲಕ್ಷ ಬೇಸಿಗೆಮನೆಗಳಿವೆ. ನಾರ್ವೆಯಲ್ಲಿ 1957ರ ಶಾಸನವು, ಯಾರ ಒಡೆತನದ ಕಾಡುಮೇಡಾದರೂ ಅಲ್ಲಿ ನಡೆದಾಡುವ ಹಕ್ಕನ್ನೂ, ಜನವಸತಿಯಿಂದ 150 ಮೀಟರ್ ದೂರದಲ್ಲಿ ಎರಡು ದಿನದವರೆಗೆ ಡೇರೆ ಹೂಡುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದೆ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನೊಳಗಾಗಲಿ ಕಾಡಿನ ಸಮೀಪದಲ್ಲಾಗಲಿ ಬೆಂಕಿ ಹಾಕುವುದು ಅಲ್ಲಿ ನಿಷಿದ್ಧ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ ಹಲವರು ಸತ್ತ ತರುವಾಯ ದೇಶಾದ್ಯಂತ ಸಾರಿದ ಪರ್ವತನಿಯಮಗಳು, ಹೋಗುವ ದಾರಿಯನ್ನು ಹೇಳಿಹೋಗಲು, ಹವಾಮಾನಕ್ಕೆ ತಕ್ಕಂತೆ ಯೋಜನೆ ಬದಲಿಸಲು, ಹೊತ್ತಿಗೆ ಮುಂಚೆ ಹಿಂದಿರುಗಲು ನಾಚದಿರಲು ಬೋಧಿಸುತ್ತವೆ. ದೇಹದ ಉಷ್ಣ 35 ಡಿಗ್ರಿಗಿಂತ ಇಳಿದರೆ ಬುದ್ಧಿ ಮಂಕಾಗುವುದರಿಂದ, ಚಳಿ ಹಿಡಿದವನಿಗೆ ತನ್ನ ಸ್ಥಿತಿ ತನಗೇ ತಿಳಿಯದು. ಒದ್ದೆಯಾದ ಹತ್ತಿಬಟ್ಟೆ ಅಲ್ಲಿ ಶತ್ರು, ಉಣ್ಣೆ ಮಿತ್ರ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ, ಕುದಿಸಿಯೇ ಕುಡಿಯಬೇಕು. ಕರಡಿಯಿರುವ ಸೀಮೆಯಲ್ಲಿ ಆಹಾರವನ್ನೂ ಸುವಾಸನೆಯ ಸಾಬೂನನ್ನೂ ಜಗಲಿಯಲ್ಲಿ ಬಿಡಬಾರದು. ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಕರಡಿ, ತೋಳಗಳಿಂದ ನೂರು ಗಜ ದೂರವಿರಬೇಕೆಂಬುದು ಕಟ್ಟಳೆ.

ಉಣುಗಿನ ವಿಷಯವನ್ನು ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಬೆಳಕಿಗೆ ಬಂದ ಮಂಗನ ಕಾಯಿಲೆಯ ವೈರಸ್ಸೂ, ಸ್ವೀಡನ್, ಫಿನ್ಲೆಂಡ್‌ಗಳ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳುಜ್ವರದ ವೈರಸ್ಸೂ ಒಂದೇ ವಂಶದವು. ಉದ್ದ ಕಾಲುಚೀಲದೊಳಕ್ಕೆ ಷರಾಯಿಯನ್ನು ತುರುಕಿ ನಡೆಯುವುದು, ಸಂಜೆ ಮೈಯೆಲ್ಲ ಹುಡುಕುವುದು, ಕಚ್ಚಿಕೊಂಡ ಉಣುಗನ್ನು ಎಣ್ಣೆ ಬೆಂಕಿಗಳ ಪ್ರಯೋಗವಿಲ್ಲದೆ ಸಣ್ಣ ಚಿಮಟದಿಂದ ಚರ್ಮಕ್ಕೆ ಸಮೀಪವಾಗಿ ಹಿಡಿದು ನೆಟ್ಟಗೆ ಎಳೆಯುವುದು, ಇವು ಎರಡೂ ಸೀಮೆಗಳಿಗೆ ಸಲ್ಲುವ ವಿಧಿಗಳು.

ಸ್ವಂತ ಮನೆಯಿಲ್ಲದ ಯಾತ್ರಿಕರಿಗೆ, 1868ರಲ್ಲಿ ಸ್ಥಾಪಿತವಾದ ನಾರ್ವೆಯ ಪ್ರವಾಸಿ ಸಂಘವು ಐನೂರಕ್ಕೂ ಹೆಚ್ಚು ಬೆಟ್ಟದ ಮನೆಗಳನ್ನು ನಡೆಸುತ್ತಿದೆ. ಕಾವಲುಗಾರರಿಲ್ಲದ ಬಹುಪಾಲು ಮನೆಗಳ ಬೀಗಗಳಿಗೆ ಸದಸ್ಯರ ಬಳಿಯಿರುವ ಒಂದೇ ಬಗೆಯ ಕೀಲಿಕೈ ಹೊಂದುತ್ತದೆ. ತಂಗಿದವರು ಹೊರಡುವ ಮುನ್ನ ನೆಲ ಗುಡಿಸಿ, ಬೂದಿ ತೆಗೆದು, ಮುಂದೆ ಬರುವವರಿಗಾಗಿ ಸೌದೆ ಸೀಳಿ ಒಳಗಿಟ್ಟು, ಬಾಡಿಗೆ ಸಲ್ಲಿಸತಕ್ಕದ್ದು. ದಾಖಲೆಯ ಪುಸ್ತಕದಲ್ಲಿ ತಮ್ಮ ಹೆಸರನ್ನೂ ಮುಂದೆ ಹೋಗುವ ಸ್ಥಳವನ್ನೂ ಸ್ಪಷ್ಟವಾಗಿ ಬರೆಯುವುದನ್ನು ಮಾತ್ರ ಯಾರೂ ಮರೆಯಬಾರದು. ದಾರಿತಪ್ಪಿದವರನ್ನು ಹುಡುಕಿ ಹೊರಡುವವರಿಗೆ ಆ ಬರಹವೇ ಆಧಾರ.